ಪಿಯಾನೊಗೆ ಉಸಿರು ಕಲಿಸಿದ ಬಡ್ ಪೊವೆಲ್

ಶಿಕಾರಿಪುರ, ಸೊರಬದ ಕಡೆ ಕಂಪನಿ ನಾಟಕ ನೋಡಿದ ಹಿರಿಯರಿಗೆ ಪೇಟಿ ಮಾಸ್ತರರೆಂದರೆ ಯಾರು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಜಾತ್ರೆ ಹೊತ್ತಿಗೆ ಶಿರಾಳಕೊಪ್ಪದಲ್ಲೋ ಆನವಟ್ಟಿಯಲ್ಲೋ ನಾಟಕದ ಟೆಂಟು ಎದ್ದಿತೆಂದರೆ ರಂಗದ ಮುಂದೆ ಕಾಲು ಹಾರ್ಮೋನಿಯಂ ಬಂದು ಕೂರುತ್ತಿತ್ತು. ಮಾಸ್ತರರು ಕಾಲಿನಿಂದ ತಿದಿ ತುಳಿಯುತ್ತಿದ್ದುದರಿಂದ ಎರಡು ಕೈಗಳೂ ನುಡಿಸಲು ಬಿಡುವಾಗಿರುತ್ತಿದ್ದವು. ನಟ ಒಂದು ತಾನ್ ಎಸೆದು ಉಸಿರೆಳೆದುಕೊಳ್ಳುವಷ್ಟರಲ್ಲಿ ಪೇಟಿ ಅದನ್ನು ಎತ್ತಿಕೊಂಡು, ಒಂದಿಷ್ಟು ಸೇರಿಸಿ, ತಿರುಗಿ ಅವನಿಗೇ ಒಪ್ಪಿಸುತ್ತಿತ್ತು. ಪ್ರೇಕ್ಷಕರ 'ವನ್ಸ್ ಮೋರ್' ಕೂಗಿನಲ್ಲಿ ಅರ್ಧ ನಟನಿಗೆ ಸಂದರೆ ಇನ್ನರ್ಧ ಮಾಸ್ತರರಿಗೆ.

ಅಂಥ ಮಾಸ್ತರರ ಬೆರಳಿಗೆ ದಿನವೂ ಎದುರಾಗುತ್ತಿದ್ದ ತೊಡಕೊಂದಿತ್ತು. ಗಂಟಲು ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುತ್ತದೆ. ಬಿಳಿ-ಕರಿ ಮನೆಗಳನ್ನು ಒತ್ತಿ ನುಡಿಸುವ ವಾದ್ಯ ಜಾರಲಾರದು, ಒಂದು ಮನೆಯಿಂದ ಇನ್ನೊಂದಕ್ಕೆ ನೆಗೆಯಬೇಕು. ಪಿಯಾನೊದ ಪಾಡು ಇನ್ನೂ ಕಷ್ಟದ್ದು. ಪೇಟಿಯಲ್ಲಿ ತಿದಿಯ ಗಾಳಿ ಇರುವಷ್ಟು ಹೊತ್ತು ಸ್ವರ ನಿಲ್ಲುತ್ತದೆ. ಪಿಯಾನೊದಲ್ಲಿ ಸುತ್ತಿಗೆ ತಂತಿಗೆ ಬಡಿದ ಕ್ಷಣದಿಂದಲೇ ಸ್ವರ ಸಾಯತೊಡಗುತ್ತದೆ. ಇಂಥ ವಾದ್ಯವನ್ನು ಹಾಡಿಸುವುದು ಹೇಗೆ? 1940ರ ದಶಕದ ನ್ಯೂಯಾರ್ಕಿನಲ್ಲಿ ಈ ಪ್ರಶ್ನೆಗೆ ಉತ್ತರ ಕಂಡುಕೊಂಡವನು ಬಡ್ ಪೊವೆಲ್. ಬೀಬಾಪ್ ಎಂಬ ಜಾಝ್ ಶೈಲಿಯ ಮೊದಲ ತಲೆಮಾರಿನ ಪಿಯಾನೊ ವಾದಕ. ಅವನ ಹೆಸರು ನಮ್ಮಲ್ಲಿ ಹೆಚ್ಚು ಜನರಿಗೆ ತಲುಪಿಲ್ಲ. ತಲುಪಬೇಕು, ಏಕೆಂದರೆ ಅವನು ಬಿಡಿಸಿದ ಒಗಟು ನಮ್ಮ ಮಾಸ್ತರರದ್ದೂ ಆಗಿತ್ತು.

ಅರ್ಲ್ ರುಡಾಲ್ಫ್ ಪೊವೆಲ್ ಹುಟ್ಟಿದ್ದು 1924ರ ಸೆಪ್ಟೆಂಬರ್ 27ರಂದು, ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ. ಅದು ಕಪ್ಪು ಜನರ ಕೇರಿ. ಅಲ್ಲಿನ ಬಡತನದಷ್ಟೇ ಅಲ್ಲಿನ ಸಂಗೀತವೂ ಹೆಸರುವಾಸಿ. ತಂದೆ ವಿಲಿಯಂ ಪೊವೆಲ್ 'ಸ್ಟ್ರೈಡ್' ಶೈಲಿಯ ಪಿಯಾನೊ ನುಡಿಸುತ್ತಿದ್ದ. ಆ ಶೈಲಿಯಲ್ಲಿ ದುಡಿಮೆಯೆಲ್ಲ ಎಡಗೈಯದು: ಮೊದಲ ಮಾತ್ರೆಗೆ ತೀರ ಕೆಳಗಿನ ಮಂದ್ರ ಸ್ವರ, ಎರಡನೆಯದಕ್ಕೆ ನಡುಭಾಗಕ್ಕೆ ಹಾರಿ ಮೂರು-ನಾಲ್ಕು ಸ್ವರ ಕೂಡಿದ ಕಾರ್ಡ್, ಮೂರನೆಯದಕ್ಕೆ ಮತ್ತೆ ಮಂದ್ರ, ನಾಲ್ಕಕ್ಕೆ ಮತ್ತೆ ಕಾರ್ಡ್. ತಾಳವಾದ್ಯ, ಮಂದ್ರವಾದ್ಯ ಎರಡನ್ನೂ ಒಂದು ಕೈ ನಿಭಾಯಿಸುತ್ತಿತ್ತು. ಮೇಲೆ ಬಲಗೈ ಹಾಡುತ್ತಿತ್ತು. ಮಗನಿಗೆ ಮಾತ್ರ ತಂದೆ ಐದನೆಯ ವಯಸ್ಸಿನ ಸುಮಾರಿಗೇ ಪಾಶ್ಚಾತ್ಯ ಶಾಸ್ತ್ರೀಯ ಪಾಠಕ್ಕೆ ಗುರು ಹಿಡಿದ. ಬಾಖ್, ಶೋಪೆನ್ ಅವರ ಕೃತಿಗಳನ್ನು ಸಾಧನೆ ಮಾಡುತ್ತಲೇ ಹುಡುಗ ಜಾಝ್ ಪಿಯಾನೊದ ಆರ್ಟ್ ಟೇಟಮ್‌ನ ಮಿಂಚಿನ ಬೆರಳುಗಳಿಗೂ ಕಿವಿಗೊಟ್ಟ. ಹದಿನೈದಕ್ಕೆ ಶಾಲೆ ಬಿಟ್ಟ.

ಶಾಲೆ ಬಿಟ್ಟ ಹುಡುಗನಿಗೆ ಸಿಕ್ಕ ನಿಜವಾದ ಪಾಠಶಾಲೆ ಹಾರ್ಲೆಮ್‌ನ 118ನೇ ಬೀದಿಯ 'ಮಿಂಟನ್ಸ್ ಪ್ಲೇಹೌಸ್' ಎಂಬ ಕ್ಲಬ್ಬು. ದೊಡ್ಡ ಬ್ಯಾಂಡುಗಳಲ್ಲಿ ನೃತ್ಯಕ್ಕೆ ನುಡಿಸಿ ಸಂಬಳ ಎಣಿಸಿಕೊಂಡ ಮೇಲೆ ಕಲಾವಿದರು ಇಲ್ಲಿಗೆ ಬಂದು ತಮ್ಮ ಖುಷಿಗೆ ನುಡಿಸುತ್ತಿದ್ದರು. ಅಲ್ಲಿನ ಕಾಯಂ ಪಿಯಾನೊ ವಾದಕ ಥೆಲೋನಿಯಸ್ ಮಂಕ್. ಪೊವೆಲ್‌ಗಿಂತ ಏಳು ವರ್ಷ ದೊಡ್ಡವನು. ಹೊಸ ಹುಡುಗನ ಕೈಯಲ್ಲಿ ಏನಿದೆ ಎಂದು ಮೊದಲು ಗುರುತಿಸಿದವನು, ಗೊಣಗಿದವರ ಬಾಯಿ ಮುಚ್ಚಿಸಿ ಅವನನ್ನು ಪಿಯಾನೊ ಮುಂದೆ ಕೂರಿಸಿದವನು ಮಂಕ್. ಮಂಕ್ ಮುಂದೆ 'ಇನ್ ವಾಕ್ಡ್ ಬಡ್' ಎಂಬ ರಚನೆಯನ್ನೇ ಇವನ ಹೆಸರಿನಲ್ಲಿ ಕಟ್ಟಿದ. ಪೊವೆಲ್ ಕೂಡ ಸುಮ್ಮನಿರಲಿಲ್ಲ. 1944ರಲ್ಲಿ ಕೂಟಿ ವಿಲಿಯಮ್ಸ್‌ನ ಬ್ಯಾಂಡಿನಲ್ಲಿ ಪಿಯಾನೊ ನುಡಿಸುತ್ತಿದ್ದಾಗ ಆ ಬ್ಯಾಂಡು ಮಂಕ್‌ನ 'ರೌಂಡ್ ಮಿಡ್‌ನೈಟ್' ಅನ್ನು ಮೊತ್ತಮೊದಲ ಬಾರಿಗೆ ರೆಕಾರ್ಡ್ ಮಾಡಿತು. ಜಾಝ್‌ನಲ್ಲಿ ಅತಿ ಹೆಚ್ಚು ಜನ ನುಡಿಸಿದ ಕೃತಿಗಳಲ್ಲಿ ಅದೂ ಒಂದು.

ಬೀಬಾಪ್ ಹುಟ್ಟಿದ ಗಳಿಗೆಯ ಧ್ವನಿ ನಮಗೆ ಹೆಚ್ಚುಕಡಿಮೆ ಸಿಕ್ಕಿಲ್ಲ. 1942ರ ಆಗಸ್ಟ್‌ನಿಂದ ಅಮೆರಿಕದ ಸಂಗೀತಗಾರರ ಸಂಘ ರೆಕಾರ್ಡ್ ಕಂಪನಿಗಳ ವಿರುದ್ಧ ಮುಷ್ಕರ ಹೂಡಿತ್ತು. ಎರಡು ವರ್ಷಕ್ಕೂ ಮೀರಿ ನಡೆದ ಆ ಮುಷ್ಕರ ಮುಗಿಯುವ ಹೊತ್ತಿಗೆ ಕೂಸು ನಡೆದಾಡುತ್ತಿತ್ತು. ಯುದ್ಧಕಾಲದ ತೆರಿಗೆಯೂ ತನ್ನ ಪಾಲು ಸಲ್ಲಿಸಿತು. 1944ರಲ್ಲಿ ನೃತ್ಯವಿರುವ ಜಾಗಗಳ ಮೇಲೆ ಕೇಂದ್ರ ಸರ್ಕಾರ ಭಾರೀ ಸುಂಕ ಹಾಕಿತು. ಕುಣಿಯದೆ ಕೂತು ಕೇಳುವ ಚಿಕ್ಕ ಮೇಳಗಳು ಕ್ಲಬ್ಬಿನವರಿಗೆ ಅಗ್ಗವಾದವು. ಕುಣಿತಕ್ಕೆ ಹೊಂದಿಸುವ ಕಟ್ಟು ತಪ್ಪಿದ ಮೇಲೆ ಕಾಲ ಎಷ್ಟು ದ್ರುತವಾದರೂ ತಡೆಯುವವರಿಲ್ಲ. ನಿಮಿಷಕ್ಕೆ 300 ಮಾತ್ರೆ, ಮಾತ್ರೆಗೆ ಎರಡು ಸ್ವರ ಎಂದರೆ ಸೆಕೆಂಡಿಗೆ 10 ಸ್ವರ.

ಒಳಗಿನ ರಚನೆ ನಮ್ಮ ಕಿವಿಗೆ ಅಪರಿಚಿತವೇನಲ್ಲ. ಹೆಚ್ಚಿನ ಬೀಬಾಪ್ ಕೃತಿಗಳು 32 ಘಟಕಗಳ ಒಂದು ಸುತ್ತು. ಘಟಕಕ್ಕೆ ನಾಲ್ಕು ಮಾತ್ರೆ, ಒಟ್ಟು 128. ಸುತ್ತು ಮುಗಿದರೆ ಮತ್ತೆ ಮೊದಲಿಗೆ, ಆವರ್ತನ ತಿರುಗಿದಂತೆ. ಮೊದಲ ಸುತ್ತಿನಲ್ಲಿ ಮಟ್ಟನ್ನು ಎಲ್ಲರೂ ಸೇರಿ ನುಡಿಸುತ್ತಾರೆ. ಆಮೇಲೆ ಒಬ್ಬೊಬ್ಬರೇ ಮನೋಧರ್ಮಕ್ಕೆ ಇಳಿಯುತ್ತಾರೆ. ಆಗ ದಾರಿ ತೋರುವುದು ಕಾರ್ಡುಗಳ ಕ್ರಮ. ಆ ಕ್ರಮ ಸುತ್ತಿನಿಂದ ಸುತ್ತಿಗೆ ಬದಲಾಗುವುದಿಲ್ಲ. ನಮ್ಮ ನಾಟಕ ಕಂಪನಿಗಳು ಮರಾಠಿ ರಂಗಗೀತೆಯ ಮಟ್ಟು ಉಳಿಸಿಕೊಂಡು ಸಾಹಿತ್ಯ ಬದಲಿಸುತ್ತಿದ್ದವು. ಬೀಬಾಪ್‌ನವರು ಮಟ್ಟನ್ನೇ ಕಿತ್ತುಹಾಕಿ, ಅದರ ಅಡಿಯ ಕಾರ್ಡುಗಳ ಹಾದಿಯನ್ನಷ್ಟೇ ಇಟ್ಟುಕೊಂಡು, ಮೇಲೆ ಹೊಸ ಮಟ್ಟು ಕಟ್ಟಿದರು. ಎಲ್ಲರೂ ಗುನುಗುತ್ತಿದ್ದ 'ಇಂಡಿಯಾನಾ' ಎಂಬ ಹಳೆಯ ಹಾಡಿನ ಹಾದಿಯ ಮೇಲೆ 'ಡೊನಾ ಲೀ' ಎದ್ದಿತು. ಇದರಲ್ಲಿ ಹೊಟ್ಟೆಪಾಡಿನ ಲೆಕ್ಕವೂ ಇತ್ತು. ಹಕ್ಕುಸ್ವಾಮ್ಯ ಇರುವುದು ಮಟ್ಟಿಗೆ, ಕಾರ್ಡುಗಳ ಕ್ರಮಕ್ಕಲ್ಲ. ಹೊಸ ಮಟ್ಟು ಕಟ್ಟಿದರೆ ಗೌರವಧನ ಕಟ್ಟಿದವನಿಗೇ ಬರುತ್ತಿತ್ತು.

ಇಲ್ಲಿ ಪಿಯಾನೊದವನಿಗೆ ಒಂದು ಬಿಕ್ಕಟ್ಟು ಬಂತು. ಡ್ರಮ್ ವಾದಕ ಕೆನ್ನಿ ಕ್ಲಾರ್ಕ್ ತಾಳ ಹಿಡಿಯುವ ಕೆಲಸವನ್ನು ಕಾಲಿನ ದೊಡ್ಡ ಡ್ರಮ್ಮಿನಿಂದ ಬಿಡಿಸಿ ತಲೆಯ ಮಟ್ಟದ ಕಂಚಿನ ತಟ್ಟೆಗೆ ಒಪ್ಪಿಸಿದ್ದ. ಮಂದ್ರ ಸ್ವರಗಳನ್ನು ಡಬಲ್ ಬೇಸ್ ನೋಡಿಕೊಳ್ಳುತ್ತಿತ್ತು. ಹಾಗಾದರೆ ಸ್ಟ್ರೈಡ್ ಶೈಲಿಯ ದುಡಿಮೆಗಾರ ಎಡಗೈ ಇನ್ನು ಏನು ಮಾಡಬೇಕು? ಹಳೆಯ ಚಾಳಿಯಲ್ಲೇ ಹಾರಾಡಿದರೆ ಬೇಸ್‌ಗೆ ಡಿಕ್ಕಿ ಹೊಡೆಯುತ್ತದೆ. ಪೊವೆಲ್ ಅದನ್ನು ಬಹುಪಾಲು ಸುಮ್ಮನಾಗಿಸಿದ. ತುಂಬಿದ ಕಾರ್ಡಿನ ಬದಲು ಎರಡೇ ಸ್ವರ ಉಳಿಸಿಕೊಂಡ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಷಡ್ಜ ಮತ್ತು ನಿಷಾದ, ಇಲ್ಲವೇ ಷಡ್ಜ ಮತ್ತು ಗಾಂಧಾರ. ಅದನ್ನೂ ಮಾತ್ರೆಯ ಮೇಲೆ ಇಡದೆ, ಬಲಗೈ ಉಸಿರು ಬಿಟ್ಟ ಸಂದಿನಲ್ಲಿ ಕುಟ್ಟುತ್ತಿದ್ದ. ಅಜ್ಜಿ ಕಥೆ ಹೇಳುವಾಗ ಪಕ್ಕದಲ್ಲಿ ಕೂತವರು 'ಹೂಂ' ಎನ್ನುತ್ತಾರಲ್ಲ, ಆ ಎಡಗೈಯ ಕೆಲಸ ಅಷ್ಟೇ. ಆದರೆ ಆ ಹೂಂಕಾರ ತಪ್ಪಿದರೆ ಕಥೆ ನಿಲ್ಲುತ್ತದೆ. ಇವತ್ತಿಗೂ ಜಾಝ್ ಕಲಿಯುವ ಮಕ್ಕಳಿಗೆ ಈ ಎರಡು ಸ್ವರದ ಹಿಡಿತಗಳನ್ನು ಪೊವೆಲ್ ಹೆಸರಿನಲ್ಲೇ ಕಲಿಸುತ್ತಾರೆ.

ಭಾರ ಇಳಿದ ಮೇಲೆ ಬಲಗೈ ಹಾಡಲು ಹೊರಟಿತು. ಪೊವೆಲ್‌ನ ಸಾಲುಗಳನ್ನು ಗಮನವಿಟ್ಟು ಕೇಳಿದರೆ ಮೊದಲು ಅರಿವಿಗೆ ಬರುವುದು ಅವುಗಳ ಉದ್ದ. ಕೆಲವು ಎರಡೇ ಘಟಕಕ್ಕೆ ಮುಗಿಯುತ್ತವೆ, ಕೆಲವು ಹತ್ತು ಘಟಕ ದಾಟಿದರೂ ನಿಲ್ಲುವುದಿಲ್ಲ. ಗಾಯಕನಿಗೋ ಸ್ಯಾಕ್ಸೋಫೋನ್ ಊದುವವನಿಗೋ ಶ್ವಾಸದ ಮಿತಿ ಇದೆ, ಆದ್ದರಿಂದ ಅವರ ಸಾಲಿಗೆ ತಾನಾಗಿಯೇ ಆದಿ-ಅಂತ್ಯ ಬರುತ್ತದೆ. ಪಿಯಾನೊದವನಿಗೆ ಶ್ವಾಸ ಬೇಕಿಲ್ಲ. ಬೆರಳು ಸೋಲುವವರೆಗೆ ನುಡಿಸುತ್ತಲೇ ಇರಬಹುದು, ಅಪಾಯ ಇರುವುದೂ ಅಲ್ಲೇ. ಪೊವೆಲ್ ತನ್ನ ಮೇಲೆ ತಾನೇ ಶ್ವಾಸದ ಕಟ್ಟುಪಾಡು ಹೇರಿಕೊಂಡ. ಸಾಲು ಮುಗಿದಾಗ ನಿಜಕ್ಕೂ ನಿಲ್ಲುತ್ತಾನೆ, ಮುಂದಿನದು ಎತ್ತಿಕೊಳ್ಳುವ ಜಾಗ ಮಾತ್ರ ನಾವು ಎಣಿಸಿದ್ದಲ್ಲ. ಸಾಲಿನ ಒಳಗೆ ಎಲ್ಲ ಸ್ವರಕ್ಕೂ ಒಂದೇ ಒತ್ತಿಲ್ಲ. ನಾಲ್ಕರಲ್ಲಿ ಒಂದು ಸ್ವರವನ್ನು ಬರೀ ಮುಟ್ಟಿ ನುಂಗುತ್ತಾನೆ, ಏರಿನ ತುದಿಯ ಸ್ವರಕ್ಕೆ ಬೆರಳಿನ ಪೂರ್ತಿ ಭಾರ ಹಾಕುತ್ತಾನೆ. ಕರಿ ಮನೆಯಿಂದ ಪಕ್ಕದ ಬಿಳಿ ಮನೆಗೆ ಅದೇ ಬೆರಳನ್ನು ಜಾರಿಸಿದಾಗ ಎರಡು ಸ್ವರ ಒಂದಕ್ಕೊಂದು ಅರೆದು ಹೋಗುತ್ತವೆ. ಪಿಯಾನೊದಲ್ಲಿ ಮೀಂಡ್‌ಗೆ ಅತಿ ಹತ್ತಿರ ಹೋಗಬಹುದಾದದ್ದು ಅದೇ. ಇಷ್ಟರ ನಡುವೆ ಇನ್ನೊಂದು ಸದ್ದು ಕೇಳುತ್ತದೆ, ಪೊವೆಲ್‌ನ ಗಂಟಲು. ಬೆರಳಿನ ಜೊತೆಜೊತೆಗೇ ಅವನು ಗುನುಗುತ್ತಿರುತ್ತಾನೆ, ಕೆಲವೊಮ್ಮೆ ನರಳಿದಂತೆ. ರೆಕಾರ್ಡಿಂಗಿನವರಿಗೆ ಅದು ಕಿರಿಕಿರಿಯಾಗಿದ್ದೀತು. ನನಗೆ ಅದು ಸಾಕ್ಷಿ: ಸ್ವರ ಮೊದಲು ಗಂಟಲಿನಲ್ಲಿ ಹುಟ್ಟಿ ಆಮೇಲೆ ಬೆರಳಿಗೆ ಬರುತ್ತಿತ್ತು.

ಅವನನ್ನು ಪಿಯಾನೊದ ಚಾರ್ಲಿ ಪಾರ್ಕರ್ ಎಂದು ಕರೆದು ಮುಗಿಸುವವರಿದ್ದಾರೆ. ಪಾರ್ಕರ್ ಬೀಬಾಪ್‌ನ ಸ್ಯಾಕ್ಸೋಫೋನ್ ದಿಗ್ಗಜ, ಸರಿ. 1947ರ ಮೇ ತಿಂಗಳಲ್ಲಿ ಪಾರ್ಕರ್ 'ಡೊನಾ ಲೀ' ರೆಕಾರ್ಡ್ ಮಾಡಿದಾಗ ಪಿಯಾನೊ ಮುಂದೆ ಇದ್ದವನು ಪೊವೆಲ್, ತುತ್ತೂರಿ ಹಿಡಿದು ನಿಂತವನು ಇಪ್ಪತ್ತರ ಮೈಲ್ಸ್ ಡೇವಿಸ್. ಹಾಗೆಂದು ಒಬ್ಬನ ಸಾಲುಗಳನ್ನು ಇನ್ನೊಬ್ಬ ವಾದ್ಯಕ್ಕೆ ಇಳಿಸಿಕೊಂಡ ಎಂಬುದು ಅನ್ಯಾಯದ ಮಾತು. ಪೊವೆಲ್‌ನಲ್ಲಿ ಬಾಖ್‌ನ ಮನೆತನದ ಲೆಕ್ಕಾಚಾರವಿದೆ, ಟೇಟಮ್‌ನ ರಭಸವಿದೆ, ಮಂಕ್ ಕಲಿಸಿದ ಒರಟು ಕಾರ್ಡುಗಳಿವೆ. 1957ರ 'ಬಡ್ ಆನ್ ಬಾಖ್' ಎಂಬ ತುಣುಕಿನಲ್ಲಿ ಬಾಖ್‌ನ ಮಗ ಸಿ.ಪಿ.ಇ. ಬಾಖ್ ಬರೆದ ಅಭ್ಯಾಸಕೃತಿಯೊಂದನ್ನು ನೇರವಾಗಿ ನುಡಿಸಿ, ಅದೇ ಉಸಿರಿನಲ್ಲಿ ತನ್ನ ಸಂಗೀತಕ್ಕೆ ಹೊರಳುತ್ತಾನೆ. ಹೊಲಿಗೆ ಎಲ್ಲೂ ಕಾಣುವುದಿಲ್ಲ.

ಇಷ್ಟು ಹೊತ್ತು ಬೆರಳಿನ ಕಥೆ ಹೇಳಿದೆ. ತಲೆಗೆ ಏನಾಯಿತು ಎಂಬುದನ್ನೂ ಹೇಳಬೇಕು.

1945ರ ಜನವರಿಯಲ್ಲಿ, ಕೂಟಿ ವಿಲಿಯಮ್ಸ್ ಬ್ಯಾಂಡಿನೊಂದಿಗೆ ಫಿಲಡೆಲ್ಫಿಯಾಗೆ ಹೋಗಿದ್ದ ಪೊವೆಲ್‌ನನ್ನು ಅಲ್ಲಿನ ಪೊಲೀಸರು ಹೊಡೆದರು. ಏಟು ತಲೆಗೇ ಬಿತ್ತು. ಅವನಿಗಾಗ ಇಪ್ಪತ್ತು ವರ್ಷ. ಆಮೇಲೆ ತಲೆನೋವು ಶುರುವಾಯಿತು, ನಡವಳಿಕೆ ಬದಲಾಯಿತು, ಆಸ್ಪತ್ರೆಗಳ ಸರಣಿ ತೆರೆದುಕೊಂಡಿತು. 1947ರ ನವೆಂಬರಿನಲ್ಲಿ ಬಾರೊಂದರ ಜಗಳದಲ್ಲಿ ಮತ್ತೆ ತಲೆಗೆ ಪೆಟ್ಟು. ಈ ಸಲ ಕ್ರೀಡ್‌ಮೋರ್ ಮಾನಸಿಕ ಆಸ್ಪತ್ರೆಗೆ ಸೇರಿಸಿ ಒಂದು ವರ್ಷಕ್ಕೆ ತುಸು ಕಡಿಮೆ ಕಾಲ ಅಲ್ಲೇ ಇರಿಸಿದರು, ಮಿದುಳಿಗೆ ವಿದ್ಯುತ್ ಆಘಾತ ಕೊಟ್ಟರು. ನೋಡಲು ಹೋದ ಗೆಳೆಯರು ಹೇಳುತ್ತಿದ್ದ ಕಥೆಯೊಂದು ಉಳಿದಿದೆ: ಗೋಡೆಯ ಮೇಲೆ ಪಿಯಾನೊದ ಮನೆಗಳನ್ನು ಬರೆದುಕೊಂಡು, ಅದರ ಮೇಲೆ ಬೆರಳಿಟ್ಟು, ಈ ಕಾರ್ಡ್ ಹೇಗಿದೆ ಎಂದು ಕೇಳುತ್ತಿದ್ದನಂತೆ.

ಆಸ್ಪತ್ರೆಯಿಂದ ಹೊರಬಂದ ಮರುವರ್ಷದಿಂದಲೇ ಅವನ ಶ್ರೇಷ್ಠ ರೆಕಾರ್ಡುಗಳು ಬಂದವು. 1949ರಿಂದ 1951ರವರೆಗಿನ ಮೂರೇ ವರ್ಷ. 'ಟೆಂಪಸ್ ಫ್ಯೂಗ್-ಇಟ್', ಪುಟ್ಟ ಮಗಳ ಹೆಸರಿಟ್ಟ 'ಸೀಲಿಯಾ', ಸ್ಯಾಕ್ಸೋಫೋನಿನ ಹದಿಹರೆಯ ದಾಟದ ಸನ್ನಿ ರಾಲಿನ್ಸ್ ಮತ್ತು ತುತ್ತೂರಿಯ ಫ್ಯಾಟ್ಸ್ ನವಾರೊ ಜೊತೆಗಿನ 'ಬೌನ್ಸಿಂಗ್ ವಿತ್ ಬಡ್', 'ಡ್ಯಾನ್ಸ್ ಆಫ್ ದಿ ಇನ್ಫಿಡೆಲ್ಸ್'. ಈ ಕಾಲಕ್ರಮ ನೋಡಿ, ನೋವೇ ಅವನ ಪ್ರತಿಭೆಯ ತಾಯಿಬೇರು ಎಂದು ಬರೆದವರಿದ್ದಾರೆ. ಈ ಮಾತನ್ನು ನಾನು ಪೂರ್ತಿ ತಿರಸ್ಕರಿಸುತ್ತೇನೆ. ಪೆಟ್ಟು ಬೀಳುವುದಕ್ಕೆ ಮೊದಲೇ, 1944ರ ರೆಕಾರ್ಡುಗಳಲ್ಲೇ, ಆ ಬಲಗೈ ಏನೆಂದು ಕೇಳುತ್ತದೆ. ಲಾಠಿ ಅವನಿಗೆ ಏನನ್ನೂ ಕೊಡಲಿಲ್ಲ. ಇಪ್ಪತ್ತೇಳಕ್ಕೆ ಬಾಗತೊಡಗಿದ ಬದುಕು ಐವತ್ತರವರೆಗೆ ನೆಟ್ಟಗೆ ನಡೆದಿದ್ದರೆ ಇನ್ನೆಷ್ಟು ಸಂಗೀತ ಬರುತ್ತಿತ್ತು ಎಂಬುದೇ ಕೇಳಬೇಕಾದ ಪ್ರಶ್ನೆ.

ಆ ಮೂರು ವರ್ಷಗಳಲ್ಲಿ ಒಂದೇ ಒಂದು ದಿನವನ್ನು ಆರಿಸಿಕೋ ಎಂದರೆ 1951ರ ಮೇ 1 ನನ್ನ ಆಯ್ಕೆ. ಬ್ಲೂ ನೋಟ್ ಕಂಪನಿಗಾಗಿ ಪೊವೆಲ್, ಬೇಸ್ ವಾದಕ ಕರ್ಲಿ ರಸೆಲ್, ಡ್ರಮ್ಮಿನ ಮ್ಯಾಕ್ಸ್ ರೋಚ್ ಮೂವರೂ ಸ್ಟುಡಿಯೊದಲ್ಲಿ ಸೇರಿದ್ದರು. 'ಉನ್ ಪೊಕೊ ಲೊಕೊ' ಎಂಬ ಪೊವೆಲ್‌ನ ರಚನೆ. ಮೂರು ಸಲ ನುಡಿಸಿದರು, ಮೂರೂ ಉಳಿದಿವೆ. ಕಲಾವಿದರು ಒಂದು ಕೃತಿಯನ್ನು ಹೇಗೆ ಕಡೆಯುತ್ತಾರೆ ಎಂಬುದನ್ನು ಇಷ್ಟು ಹತ್ತಿರದಿಂದ ತೋರಿಸುವ ರೆಕಾರ್ಡು ನಾನು ಬೇರೆ ಕೇಳಿಲ್ಲ. ಮೊದಲನೆಯದರಲ್ಲಿ ರೋಚ್ ತಾಳವನ್ನು ಇನ್ನೂ ಹುಡುಕುತ್ತಿದ್ದಾನೆ. ಮುಂದಿನ ಟೇಕುಗಳಲ್ಲಿ ದನದ ಕೊರಳಗಂಟೆಯಂಥ ಲೋಹದ ಗಂಟೆಯೊಂದು ಅವನ ಕೈಯಲ್ಲಿ ನಿಖರವಾಗುತ್ತಾ ಬರುತ್ತದೆ. ಅದರ ಏಟುಗಳು ಕೃತಿಯ ನಾಲ್ಕರ ನಡೆಗೆ ಅಡ್ಡಡ್ಡ ಬಿದ್ದು ಬೇರೆಯದೇ ಗುಂಪು ಕಟ್ಟುತ್ತವೆ. ಖಂಡ, ಮಿಶ್ರ ನಡೆಗಳನ್ನು ಬಲ್ಲವರಿಗೆ ಆ ಘರ್ಷಣೆಯ ರುಚಿ ತಟ್ಟನೆ ಹತ್ತುತ್ತದೆ. ಮನೋಧರ್ಮದ ಭಾಗಕ್ಕೆ ಬಂದಾಗ ಪೊವೆಲ್ ಕಾರ್ಡುಗಳ ಓಟವನ್ನೇ ನಿಲ್ಲಿಸಿಬಿಡುತ್ತಾನೆ. ಬೇಸ್ ಒಂದೇ ಜಾಗದಲ್ಲಿ ಶ್ರುತಿ ಹಿಡಿದಂತೆ ಸುತ್ತುತ್ತದೆ, ಎಡಗೈಯೂ ಅಲ್ಲೇ ಮರಳಿ ಮರಳಿ ಕುಟ್ಟುತ್ತದೆ, ಬಲಗೈ ಮಾತ್ರ ಬಯಲಿಗೆ ಹೊರಡುತ್ತದೆ. ತಂಬೂರಿಯ ಕೆಳಗೆ ಬೆಳೆದ ಕಿವಿಗೆ ಇದಕ್ಕಿಂತ ಸುಲಭದ ಹೆಬ್ಬಾಗಿಲು ಜಾಝ್‌ನಲ್ಲಿ ಇಲ್ಲ. ಅಲ್ಲಲ್ಲಿ ತೀವ್ರ ಮಧ್ಯಮದ ಛಾಯೆಯೂ ಬಿದ್ದು ಯಮನ್ ನೆನಪಾಗುತ್ತದೆ. ರಾಗ ಹುಡುಕಲು ಹೋಗಬೇಡಿ, ಅವನ ಉದ್ದೇಶ ಅದಲ್ಲ.

ಆ ದಿನವಾಗಿ ಮೂರು ತಿಂಗಳಿಗೆ ಎಲ್ಲ ಮುರಿಯಿತು. 1951ರ ಆಗಸ್ಟಿನಲ್ಲಿ ನಿಂತಿದ್ದ ಕಾರಿನಲ್ಲಿ ಮಂಕ್ ಮತ್ತು ಪೊವೆಲ್ ಕೂತಿದ್ದಾಗ ಪೊಲೀಸರು ಬಂದರು, ಮಾದಕ ವಸ್ತು ಸಿಕ್ಕಿತು. ಮಂಕ್ ಗೆಳೆಯನ ವಿರುದ್ಧ ಬಾಯಿ ಬಿಡಲಿಲ್ಲ. ಅವನಿಗೆ 60 ದಿನ ಜೈಲು, ಅದಕ್ಕಿಂತ ದೊಡ್ಡ ಶಿಕ್ಷೆಯಾಗಿ 'ಕ್ಯಾಬರೆ ಕಾರ್ಡ್' ರದ್ದು. ಮದ್ಯ ಮಾರುವ ಕ್ಲಬ್ಬಿನಲ್ಲಿ ನುಡಿಸಲು ನ್ಯೂಯಾರ್ಕ್ ಪೊಲೀಸರು ಕೊಡುತ್ತಿದ್ದ ಪರವಾನಗಿ ಅದು. ಅದಿಲ್ಲದೆ ಮಂಕ್ ತನ್ನ ಊರಿನ ಕ್ಲಬ್ಬುಗಳಲ್ಲಿ 1957ರವರೆಗೆ ನುಡಿಸಲಾಗಲಿಲ್ಲ. ಪೊವೆಲ್ ಮತ್ತೆ ಆಸ್ಪತ್ರೆಗೆ, ಈ ಸಲ ಒಂದು ವರ್ಷಕ್ಕೂ ಹೆಚ್ಚು.

ಈ ಪರವಾನಗಿಯ ಪದ್ಧತಿ ಜಾರಿಯಲ್ಲಿದ್ದದ್ದು 1940ರಿಂದ 1967ರವರೆಗೆ. ಸರಿಯಾಗಿ ಅದೇ 1940ರ ಮಾರ್ಚ್‌ನಲ್ಲಿ ನಮ್ಮ ಆಕಾಶವಾಣಿ ಹಾರ್ಮೋನಿಯಂ ಅನ್ನು ಹೊರಗಿಟ್ಟಿತು. ಕಾರಣ ಬೇರೆ, ಪರಿಣಾಮದಲ್ಲಿ ಹೋಲಿಕೆಯಿದೆ: ಕಲಾವಿದನ ಕೈಗೆ ವಾದ್ಯವಿದೆ, ಕೇಳಲು ಜನರಿದ್ದಾರೆ, ನಡುವೆ ಅಧಿಕಾರದ ಅಪ್ಪಣೆಯಿಲ್ಲ. ರವೀಂದ್ರನಾಥ ಟಾಗೋರರು ಹಾರ್ಮೋನಿಯಂಗೆ ವಿರೋಧಿಯಾಗಿದ್ದರು, ಆಕಾಶವಾಣಿಯ ಪಾಶ್ಚಾತ್ಯ ಸಂಗೀತ ವಿಭಾಗದಲ್ಲಿದ್ದ ಜಾನ್ ಫೌಲ್ಡ್ಸ್ ಅದರ ವಿರುದ್ಧ ಬರೆದಿದ್ದರು, ಆಗಿನ ಮುಖ್ಯಸ್ಥ ಲಯನೆಲ್ ಫೀಲ್ಡನ್ ಆದೇಶ ಹೊರಡಿಸಿದರು. ದೂರು ಒಂದೇ: ಈ ಪೆಟ್ಟಿಗೆಗೆ ಶ್ರುತಿಸೂಕ್ಷ್ಮವಿಲ್ಲ, ಮೀಂಡ್ ಬರುವುದಿಲ್ಲ, ಗಮಕ ಬರುವುದಿಲ್ಲ. 1970ರ ದಶಕದ ಆರಂಭದಲ್ಲಿ ಸಾಥಿಗೆ ಅಪ್ಪಣೆ ಸಿಕ್ಕಿತು, ಸೋಲೊ ವಾದನಕ್ಕೆ ಬಾಗಿಲು ಆಮೇಲೂ ಬಹುಕಾಲ ತೆರೆಯಲಿಲ್ಲ. ರೇಡಿಯೊದಲ್ಲಿ ಪೇಟಿ ಇಲ್ಲದ ಆ ದಶಕಗಳಲ್ಲೂ ನಮ್ಮ ಕಡೆ ನಾಟಕದ ಟೆಂಟಿನಲ್ಲಿ, ಭಜನಾ ಮಂದಿರದಲ್ಲಿ ಅದೇ ಪೇಟಿ ನಿರಾತಂಕವಾಗಿ ನುಡಿಯುತ್ತಿತ್ತು. ಯಕ್ಷಗಾನದ ಭಾಗವತರು ಅದರದೇ ಕಪ್ಪು ಎರಡು, ಕಪ್ಪು ಮೂರರ ಲೆಕ್ಕದಲ್ಲಿ ಶ್ರುತಿ ಹಿಡಿಯುತ್ತಿದ್ದರು.

ಕರ್ನಾಟಕದಲ್ಲಿ ಆ ದೂರಿಗೆ ಬೆರಳಿನಲ್ಲೇ ಉತ್ತರ ಕೊಟ್ಟವರು ಪಂಡಿತ್ ರಾಮಭಾವು ಬಿಜಾಪುರೆ. 1917ರಲ್ಲಿ ಕಾಗವಾಡದಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ನೆಲೆಸಿ, ಸಂಗೀತ ಶಾಲೆ ನಡೆಸಿ, 2010ರಲ್ಲಿ ತೀರಿಕೊಂಡರು. ಅವರ ಏರುಯೌವನ, ನಡುವಯಸ್ಸು ಎರಡೂ ನಿಷೇಧದ ವರ್ಷಗಳಲ್ಲೇ ಕಳೆದವು. ಹಲವು ತಲೆಮಾರಿನ ಗಾಯಕರಿಗೆ ಸಾಥ್ ಕೊಟ್ಟರು, ಸೋಲೊ ಕಛೇರಿಯನ್ನೂ ಬೆಳೆಸಿದರು. ಅವರು ಹಾಡುಗಾರಿಕೆಯನ್ನೂ ಕಲಿತವರು. ಅವರ ನುಡಿಸಾಣಿಕೆಯಲ್ಲಿ ತಿದಿಯ ಒತ್ತಡ ಏರಿಳಿದು ಸ್ವರಕ್ಕೆ ತೂಕ ಬರುತ್ತದೆ, ಪಕ್ಕದ ಸ್ವರವನ್ನು ಕಣದಷ್ಟು ಸೋಕಿಸಿ ಬಿಡುವುದರಿಂದ ಜಾರಿದ ಭ್ರಮೆ ಹುಟ್ಟುತ್ತದೆ. ಹಾರ್ಲೆಮ್‌ನ ಹುಡುಗ ಕರಿ ಮನೆಯಿಂದ ಬಿಳಿ ಮನೆಗೆ ಬೆರಳು ಜಾರಿಸಿ ಹುಡುಕಿದ್ದೂ ಇದನ್ನೇ. ಒಬ್ಬರ ಹೆಸರು ಇನ್ನೊಬ್ಬರಿಗೆ ತಿಳಿದಿರಬೇಕಾದ ಅಗತ್ಯವಿರಲಿಲ್ಲ, ವಾದ್ಯವೇ ಇಬ್ಬರನ್ನೂ ಒಂದೇ ದಾರಿಗೆ ತಂದಿತ್ತು.

1953ರ ಆರಂಭದಲ್ಲಿ ಪೊವೆಲ್ ಹೊರಬಂದ. ಸ್ವತಂತ್ರನಾಗಿ ಅಲ್ಲ, ಬರ್ಡ್‌ಲ್ಯಾಂಡ್ ಕ್ಲಬ್ಬಿನ ಆಸ್ಕರ್ ಗುಡ್‌ಸ್ಟೀನ್ ಅವನ ಕಾನೂನುಬದ್ಧ ಪಾಲಕ. ಕ್ಲಬ್ಬಿನಲ್ಲಿ ನುಡಿಸುವುದು, ಇರಿಸಿದ ಮನೆಯಲ್ಲಿ ಇರುವುದು. ಆ ಆಗಸ್ಟಿನಲ್ಲಿ ರೆಕಾರ್ಡ್ ಮಾಡಿದ 'ಗ್ಲಾಸ್ ಎನ್‌ಕ್ಲೋಷರ್' ಆ ಗಾಜಿನ ಗೂಡಿನ ಬದುಕಿನದೇ ಚಿತ್ರ. ಅದರಲ್ಲಿ ಮನೋಧರ್ಮವೇ ಇಲ್ಲ ಎನ್ನಬೇಕು, ಬಿಗಿಯಾಗಿ ಬರೆದಿಟ್ಟ, ಮತ್ತೆ ಮತ್ತೆ ಗೋಡೆಗೆ ಹಾಯುವ ಎರಡೂವರೆ ನಿಮಿಷ. ಅದೇ ವರ್ಷ ಮೇ 15ರಂದು ಟೊರಾಂಟೊದ ಮ್ಯಾಸಿ ಹಾಲ್‌ನಲ್ಲಿ ಪಾರ್ಕರ್, ತುತ್ತೂರಿಯ ಡಿಜ್ಜಿ ಗಿಲೆಸ್ಪಿ, ಪೊವೆಲ್, ಬೇಸ್‌ನ ಚಾರ್ಲ್ಸ್ ಮಿಂಗಸ್, ಮ್ಯಾಕ್ಸ್ ರೋಚ್ ಐವರೂ ಒಂದೇ ವೇದಿಕೆಗೆ ಬಂದರು. ಈ ಐವರೂ ಸೇರಿ ನುಡಿಸಿದ ಧ್ವನಿಮುದ್ರಣ ಇನ್ನೊಂದಿಲ್ಲ. ಅವತ್ತೇ ಮಾರ್ಸಿಯಾನೊ-ವಾಲ್ಕಾಟ್ ಬಾಕ್ಸಿಂಗ್ ಪಂದ್ಯವೂ ಇದ್ದು, ಸಭಾಂಗಣ ತುಂಬಿರಲಿಲ್ಲ. ಪಾರ್ಕರ್‌ನ ಕೈಯಲ್ಲಿದ್ದದ್ದು ಪ್ಲಾಸ್ಟಿಕ್ಕಿನ ಸ್ಯಾಕ್ಸೋಫೋನ್.

1956ರ ಜೂನ್ 26ರಂದು ತಮ್ಮ ರಿಚಿ ಪೊವೆಲ್ ಕಾರು ಅಪಘಾತದಲ್ಲಿ ತೀರಿಕೊಂಡ. ಅವನೂ ಪಿಯಾನೊ ವಾದಕ, ವಯಸ್ಸು ಇಪ್ಪತ್ನಾಲ್ಕು. ಜೊತೆಗೆ ಅವನ ಹೆಂಡತಿ ಮತ್ತು ತುತ್ತೂರಿಯ ಕ್ಲಿಫರ್ಡ್ ಬ್ರೌನ್ ಕೂಡ ಹೋದರು.

ಇಂಥ ಶೋಕದ ಕಥೆಯೊಂದು ನಮ್ಮ ಸೀಮೆಯಲ್ಲೂ ಇದೆ. ಶಿಕಾರಿಪುರದಿಂದ 20 ಕಿಲೋಮೀಟರ್ ಆಚೆಯ ಬಳ್ಳಿಗಾವಿಯಲ್ಲಿ ಒಬ್ಬ ವಾದ್ಯಗಾರನಿದ್ದ. ಹರಿಹರನ 'ಪ್ರಭುದೇವರ ರಗಳೆ' ಹೇಳುವಂತೆ ಅಲ್ಲಮ ಮದ್ದಳೆಯಲ್ಲಿ ನಿಪುಣ. ಕಾಮಲತೆಯನ್ನು ಒಲಿದು ಮದುವೆಯಾದ, ಅವಳು ಜ್ವರದಿಂದ ಸತ್ತಳು, ದುಃಖದಲ್ಲಿ ಅಲೆಯುತ್ತಾ ಅನಿಮಿಷಯ್ಯನನ್ನು ಕಂಡ, ಅಲ್ಲಿಂದ ಬದುಕೇ ಬೇರೆಯಾಯಿತು. ಚಾಮರಸನ ಕಥೆಯಲ್ಲಿ ಇದೇ ಅಲ್ಲಮ ಸೊರಬದ ಗಡಿಯಾಚೆಯ ಬನವಾಸಿಯ ಮಧುಕೇಶ್ವರ ಗುಡಿಯಲ್ಲಿ ಮದ್ದಳೆ ಬಾರಿಸುತ್ತಾನೆ. ಈ ಸೀಮೆಯಲ್ಲಿ ಹುಟ್ಟಿದವರಿಗೆ, ಕೈಯಲ್ಲಿ ವಿದ್ಯೆ ಇದ್ದವನ ಮೇಲೆ ಶೋಕ ಎರಗಿದರೆ ಏನಾಗಬಹುದು ಎಂಬುದಕ್ಕೆ ಮೊದಲು ನೆನಪಾಗುವ ಕಥೆ ಇದು. ಅಲ್ಲಮನಿಗೆ ಮದ್ದಳೆಯನ್ನು ದಾಟಿ ಹೋಗಲು ಒಂದು ದಾರಿ ತೆರೆಯಿತು, ಕೈ ಹಿಡಿಯಲು ಗುರು ಸಿಕ್ಕಿದ. ಪೊವೆಲ್‌ಗೆ ಪಿಯಾನೊದ ಆಚೆ ಏನೂ ಇರಲಿಲ್ಲ. ಬೆರಳು ತಡವರಿಸಿದ ದಿನವೂ ಅದರ ಮುಂದೆಯೇ ಕೂರಬೇಕಿತ್ತು. ಐವತ್ತರ ದಶಕದ ನಡುವಿನ ಕೆಲವು ರೆಕಾರ್ಡುಗಳು ಕೇಳಲು ಸಂಕಟವಾಗುವಷ್ಟು ತಡವರಿಸುತ್ತವೆ. ಅವನ್ನು ಅವನ ಹೆಸರಿನಲ್ಲಿ ಬಿಡುಗಡೆ ಮಾಡಬೇಕಿತ್ತೇ ಎಂದು ನನಗೆ ಅನ್ನಿಸಿದ್ದುಂಟು.

1959ರಲ್ಲಿ ಬಟರ್‌ಕಪ್ ಎಂದು ಕರೆಯುತ್ತಿದ್ದ ಸಂಗಾತಿ ಅಲ್ಟೀವಿಯಾ ಎಡ್ವರ್ಡ್ಸ್ ಜೊತೆ ಪ್ಯಾರಿಸ್‌ಗೆ ಹೋದ. ಅಲ್ಲಿ ಹಳೆಯ ಕೆನ್ನಿ ಕ್ಲಾರ್ಕ್ ಸಿಕ್ಕಿದ, ಬೇಸ್‌ಗೆ ಫ್ರೆಂಚ್ ವಾದಕ ಪಿಯೆರ್ ಮಿಶ್ಲೊ ಸೇರಿಕೊಂಡ. ಕಪ್ಪು ಕಲಾವಿದನನ್ನು ಕಲಾವಿದನೆಂದೇ ನೋಡುವ ಊರು ಅದು. ಆದರೂ ಕುಡಿತ, ಔಷಧಿಗಳ ಮಂಪರು ಬಿಡಲಿಲ್ಲ. ಫ್ರಾನ್ಸಿಸ್ ಪೊದ್ರಾ ಎಂಬ ಯುವ ಚಿತ್ರಕಾರ ಅವನನ್ನು ತನ್ನ ಮನೆಗೆ ಕರೆದುಕೊಂಡು ಹೋಗಿ, ಊಟ ಹಾಕಿ, ಕ್ಷಯ ಪತ್ತೆಯಾದಾಗ ಆಸ್ಪತ್ರೆಗೆ ಅಲೆದು ಕಾಪಾಡಿದ. ಅಭಿಮಾನಿಯೊಬ್ಬ ಕಲಾವಿದನಿಗೆ ಇದಕ್ಕಿಂತ ಹೆಚ್ಚಿನದು ಮಾಡಿದ್ದು ನಾನು ಓದಿಲ್ಲ. ಈ ಕಾಲದ ಫಲ ಸ್ಯಾಕ್ಸೋಫೋನಿನ ಡೆಕ್ಸ್‌ಟರ್ ಗೋರ್ಡನ್‌ನ 'ಅವರ್ ಮ್ಯಾನ್ ಇನ್ ಪ್ಯಾರಿಸ್', 1963ರ ಮೇ ತಿಂಗಳ ರೆಕಾರ್ಡು. ಪೊವೆಲ್‌ನ ಬೆರಳಿಗೆ ಮತ್ತೆ ಹದ ಬಂದಿದ್ದು ಅದರಲ್ಲಿ ಗೊತ್ತಾಗುತ್ತದೆ. ಮುಂದೆ ಬರ್ಟ್ರಾಂಡ್ ತಾವೆರ್ನಿಯೆ 1986ರಲ್ಲಿ ತೆಗೆದ 'ರೌಂಡ್ ಮಿಡ್‌ನೈಟ್' ಸಿನಿಮಾಕ್ಕೆ ಈ ಸ್ನೇಹವೇ ಬೀಜ. ಅದರಲ್ಲಿ ನಾಯಕನ ಪಾತ್ರ ಮಾಡಿದ್ದೂ ಇದೇ ಗೋರ್ಡನ್. ಸಂಗೀತಕ್ಕಾಗಿ ಹರ್ಬಿ ಹ್ಯಾಂಕಾಕ್‌ಗೆ ಆಸ್ಕರ್ ಬಂತು.

1964ರ ಆಗಸ್ಟಿನಲ್ಲಿ ಪೊವೆಲ್ ನ್ಯೂಯಾರ್ಕಿಗೆ ಮರಳಿದ. ಬರ್ಡ್‌ಲ್ಯಾಂಡ್‌ನಲ್ಲಿ ನುಡಿಸಿದ, ಮರುವರ್ಷ ಕಾರ್ನೆಗಿ ಹಾಲ್‌ನಲ್ಲಿ ಪಾರ್ಕರ್ ಸ್ಮರಣೆಯ ಕಛೇರಿಯಲ್ಲಿ ಕಾಣಿಸಿಕೊಂಡ. ಆಮೇಲೆ ಕುಸಿದ. 1966ರ ಜುಲೈ 31ರಂದು ಬ್ರೂಕ್ಲಿನ್‌ನ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದ. ಕ್ಷಯ, ಕುಡಿತ, ಅಪೌಷ್ಟಿಕತೆ. 42 ತುಂಬಿರಲಿಲ್ಲ. ಹಾರ್ಲೆಮ್‌ನ ಬೀದಿಗಳಲ್ಲಿ ಶವಯಾತ್ರೆ ನಡೆದಾಗ ಸಾವಿರಾರು ಜನ ಸೇರಿದರು.

ಬೀಬಾಪ್‌ನ ಕವಲುಗಳು ನಮ್ಮ ಕಡೆಗೂ ಬಂದಿವೆ. ಪಾರ್ಕರ್‌ನ ಪ್ರಭಾವದಲ್ಲಿ ಬೆಳೆದ ಬಾಸ್ಟನ್ನಿನ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೊ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ನ ಟಿ.ಎ.ಎಸ್. ಮಣಿ, ಆರ್.ಎ. ರಮಾಮಣಿ ಅವರೊಂದಿಗೆ 1983ರಲ್ಲಿ 'ಜ್ಯೋತಿ' ಎಂಬ ಆಲ್ಬಮ್ ತಂದರು. ಕನ್ನಡ ಮೂಲದ ಕುಟುಂಬದಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ಸ್ಯಾಕ್ಸೋಫೋನ್ ವಾದಕ ರುದ್ರೇಶ್ ಮಹಾಂತಪ್ಪ 2008ರಲ್ಲಿ ಕದ್ರಿ ಗೋಪಾಲನಾಥರ ಜೊತೆ 'ಕಿನ್ಸ್‌ಮೆನ್' ನುಡಿಸಿದರು, 2015ರಲ್ಲಿ 'ಬರ್ಡ್ ಕಾಲ್ಸ್' ಮೂಲಕ ಪಾರ್ಕರ್‌ಗೆ ನಮನ ಸಲ್ಲಿಸಿದರು. ಇವೆಲ್ಲ ಊದುವವರ ಕಡೆಯಿಂದ ಬಂದ ಸಂಬಂಧಗಳು. ಪಿಯಾನೊದ ಕಡೆಯಿಂದ, ಪೊವೆಲ್‌ನಿಂದ, ಪೇಟಿಯತ್ತ ಸೇತುವೆಯನ್ನು ಯಾರೂ ಕಟ್ಟಿದ್ದು ನಾನು ಕಂಡಿಲ್ಲ. ಕಟ್ಟಬೇಕಾದವರು ಜಾಝ್ ಕಲಿತವರಲ್ಲ, ನಮ್ಮ ಪೇಟಿ ಕಲಿಯುತ್ತಿರುವ ಹುಡುಗ ಹುಡುಗಿಯರು.

ಅವರಿಗಾಗಿ ಕೇಳುವ ಕ್ರಮವೊಂದನ್ನು ಹೇಳಬಲ್ಲೆ. ಮೊದಲು 'ಸೀಲಿಯಾ'. ಮೂರು ನಿಮಿಷದ್ದು, ಮಟ್ಟು ಹಗುರ, ಎಡಗೈ ಎಲ್ಲಿ ಸುಮ್ಮನಿದೆ ಎಂದು ಎಣಿಸಲು ಅನುಕೂಲ. ಆಮೇಲೆ 'ಟೆಂಪಸ್ ಫ್ಯೂಗ್-ಇಟ್', ಬಲಗೈಯ ಒಂದೊಂದು ಸಾಲು ಎಲ್ಲಿ ಉಸಿರು ಬಿಡುತ್ತದೆ ಎಂದು ಹಿಡಿಯಲು. ಮೂರನೆಯದು 'ಉನ್ ಪೊಕೊ ಲೊಕೊ', ಮೂರೂ ಟೇಕು, ನುಡಿಸಿದ ಅನುಕ್ರಮದಲ್ಲೇ, ನಡುವೆ ಬಿಡುವು ಕೊಡದೆ. ಮೊಬೈಲಿನ ಸ್ಪೀಕರಿನಲ್ಲಿ ಬೇಸ್ ಕೇಳಿಸದು, ಕಿವಿಗೆ ಇಯರ್‌ಫೋನ್ ಇರಲಿ. ಕೇಳಿದ ಮೇಲೆ ಒಂದೇ ಒಂದು ಸಾಲನ್ನು ಪೇಟಿಯಲ್ಲಿ ಹುಡುಕಿ, ಮೊದಲು ಬಾಯಲ್ಲಿ ಹಾಡಿಕೊಂಡು, ಆಮೇಲೆ ಮನೆಗಳ ಮೇಲೆ ಬೆರಳಿಡಿ.